ಸಹಾಯ ಬೇಕು: ಘಾಟಿ ಇಳಿಯುವ ಪಿಕಪ್‌ಗೆ ಯಾವ ಬ್ರೇಕ್ ಪ್ಯಾಡ್?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಬೊಲೆರೊ ಪಿಕಪ್ ಇದೆ, ಮುಂದೆ ಡಿಸ್ಕ್, ಹಿಂದೆ ಡ್ರಮ್. ಅಡಿಕೆ ಮೂಟೆ ಹಾಕಿಕೊಂಡು ಶಿವಮೊಗ್ಗ ಮಂಡಿಗೆ ಹೋಗಿ ಬರುವಾಗ ಏನೂ ತೊಂದರೆ ಇಲ್ಲ. ಬಾಡಿಗೆ ಸಿಕ್ಕಿ ಲೋಡ್ ಸಮೇತ ಆಗುಂಬೆ ಘಾಟಿ ಇಳಿಯುವಾಗಲೇ ತಲೆನೋವು. 14 ಹೇರ್‌ಪಿನ್ ತಿರುವು ಅಲ್ವಾ. ಸೆಕೆಂಡ್ ಗೇರಲ್ಲೇ ಇಳಿಸುತ್ತೇನೆ. ಆದರೂ ಸೋಮೇಶ್ವರ ಹತ್ತಿರ ಬರುವ ಹೊತ್ತಿಗೆ ಸುಟ್ಟ ವಾಸನೆ, ಪೆಡಲ್ ಎಷ್ಟು ತುಳಿದರೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಮೊನ್ನೆ ಚಕ್ರ ಬಿಚ್ಚಿ ನೋಡಿದೆವು. ಒಳಗಿನ ಪ್ಯಾಡ್ ಸವೆದು ತಗಡಿನ ಹತ್ತಿರ ಬಂದಿದೆ, ಹೊರಗಿನದು ಇನ್ನೂ ಅರ್ಧ ಇದೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ ಕೆಸರಿಗೆ ಹಿಡಿದುಕೊಂಡಿರಬೇಕು, ನಮ್ಮ ಮಳೆಗಾಲ ಗೊತ್ತಲ್ಲ. ಅದನ್ನು ಕ್ಲೀನ್ ಮಾಡಿಸಿ ಗ್ರೀಸ್ ಹಾಕಿಸುತ್ತೇನೆ. ಬ್ರೇಕ್ ಆಯಿಲ್ ಕೂಡ ಬದಲಿಸುತ್ತೇನೆ, ಅದು ತೇವ ಎಳೆದುಕೊಂಡರೆ ಬಿಸಿಗೆ ಬೇಗ ಕುದಿಯುತ್ತದೆ. ಡಿಸ್ಕ್ ಮೇಲೆ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದೆ.

ಈಗ ಪ್ಯಾಡ್ ವಿಷಯ. ಅಂಗಡಿಯವರು ಸೆರಾಮಿಕ್ ಹಾಕಿಸಿ, ಸದ್ದು ಬರಲ್ಲ, ರಿಮ್ ಮೇಲೆ ಧೂಳೂ ಕೂರಲ್ಲ ಅಂದರು. ಪಿಕಪ್ ರಿಮ್ ಫಳಫಳ ಹೊಳೆದು ಯಾರಿಗೆ ಏನಾಗಬೇಕು! ಮೆಕ್ಯಾನಿಕ್ ಸೆಮಿ ಮೆಟಾಲಿಕ್ ಅನ್ನುತ್ತಾರೆ. ಅದು ಬಿಸಿ ತಡೆಯುತ್ತದೆ, ಆದರೆ ಕಿರ್ ಅನ್ನುತ್ತದೆ, ಡಿಸ್ಕನ್ನೂ ಜಾಸ್ತಿ ತಿನ್ನುತ್ತದೆ. ನನ್ನ ಮನಸ್ಸು ಅದರ ಕಡೆಗೇ ಇದೆ.

ಲೋಡ್ ಹಾಕಿ ಘಾಟಿ ಓಡಿಸುವವರು ಹೇಳಿ, ಯಾವುದು ತಾಳುತ್ತದೆ? ಡಿಸ್ಕ್ ಲೇತ್‌ಗೆ ಕೊಟ್ಟು ಮಟ್ಟ ಮಾಡಿಸಿದರೆ ಸಾಕಾ, ಹೊಸದೇ ಬೇಕಾ? ಹಿಂದಿನ ಡ್ರಮ್ ಒಳಗಿನ ಬ್ರೇಕ್ ಶೂ ಒಟ್ಟಿಗೇ ಬದಲಿಸಲಾ? ಶಿವಮೊಗ್ಗದಲ್ಲಿ ಬಿಲ್ ಕೊಟ್ಟು ಅಸಲಿ ಮಾಲು ಮಾರುವ ಅಂಗಡಿ ಗೊತ್ತಿದ್ದರೆ ಅದನ್ನೂ ತಿಳಿಸಿ.