‘ಅರೇಂಜ್‌ಮೆಂಟ್’ಗೆ ‘ಸಂಯೋಜನೆ’ ಸಾಕೇ?

ಜನಪದ ಹಾಡನ್ನು ಆರ್ಕೆಸ್ಟ್ರಾಕ್ಕೆ ‘ಅರೇಂಜ್’ ಮಾಡುವುದಕ್ಕೆ ‘ಸಂಯೋಜನೆ’ ಎಂದರೆ ಸಾಲದೇ ಎಂಬುದು ಪ್ರಶ್ನೆ. ಸಾಲದು. ನಮ್ಮಲ್ಲಿ ರಾಗಸಂಯೋಜನೆ ಅಂದರೆ ಧಾಟಿ ಕಟ್ಟುವುದು, ಸಿ. ಅಶ್ವತ್ಥ್ ಭಾವಗೀತೆಗಳಿಗೆ ಮಾಡಿದ್ದು ಅದು. ಅರೇಂಜ್ ಮಾಡುವವರಿಗೆ ಧಾಟಿ ಮೊದಲೇ ಸಿಕ್ಕಿರುತ್ತದೆ.

ಜೋಸೆಫ್ ಕಾಂತ್‌ಲೂಬ್ (1879–1957) ಎಂಬ ಫ್ರೆಂಚ್ ಸಂಗೀತಗಾರರ ‘ಓವೆರ್ನ್ಯದ ಹಾಡುಗಳು’ ನೋಡಿ. ಮಧ್ಯ ಫ್ರಾನ್ಸಿನ ಗುಡ್ಡಗಾಡಿನ ಹಾಡುಗಳನ್ನು ಸೊಪ್ರಾನೊ (ಹೆಣ್ಣಿನ ಎತ್ತರದ ಶ್ರುತಿಯ) ಕಂಠಕ್ಕೂ ವಾದ್ಯವೃಂದಕ್ಕೂ ಹೊಂದಿಸಿದ ಐದು ಕಂತುಗಳಿವು. ಮೊದಲ ಕಂತು 1924ರದು, ಕೊನೆಯದು 1955ರದು. ಮೊದಲ ಕಂತಿನ ‘ಬೈಲೇರೋ’ದಲ್ಲಿ ಹೊಳೆಯ ಈ ದಡದಿಂದ ಆ ದಡದ ಕುರುಬನನ್ನು ಕೂಗಿ ಮಾತಾಡಿಸುತ್ತಾರೆ. ಧಾಟಿ ಊರಿನದು. ಸುತ್ತಲಿನ ತಂತಿವಾದ್ಯ, ಪಿಯಾನೊ, ಊದುವ ವಾದ್ಯವಾದ ಓಬೋ ಎಲ್ಲ ಕಾಂತ್‌ಲೂಬರದು.

ಈ ಕೆಲಸದೊಳಗೆ ಮೂರು ಕೆಲಸಗಳಿವೆ: ಧಾಟಿಯ ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೂಡಿಸುವುದು, ಯಾವ ಸ್ವರ ಯಾವ ವಾದ್ಯಕ್ಕೆಂದು ಹಂಚುವುದು, ಚರಣಗಳ ನಡುವಿನ ‘ಬಿಟ್’ ಬರೆಯುವುದು. ಮೂರನೆಯದನ್ನು ಮಾತ್ರ ಧಾರಾಳವಾಗಿ ಸಂಯೋಜನೆ ಅನ್ನಬಹುದು. ಎರಡನೆಯದಕ್ಕೆ ಸಿನಿಮಾದವರ ‘ವಾದ್ಯಸಂಯೋಜನೆ’ ಚೆನ್ನಾಗಿಯೇ ಒಗ್ಗುತ್ತದೆ. ಹಾಡುವವಳ ಸ್ಥಾಯಿಯಲ್ಲೇ ಓಬೋ ಜೊತೆಗೂಡಿದರೆ ಸಾಹಿತ್ಯ ಮುಚ್ಚಿಹೋಗುತ್ತದೆ; ಆದ್ದರಿಂದ ಅದಕ್ಕೆ ಕಂಠ ಬಿಡುವು ಕೊಟ್ಟ ಜಾಗವೇ ಸರಿ.

ತೊಡಕಿರುವುದು ಮೊದಲನೆಯದರಲ್ಲಿ. ಕೈಶಿಕಿ ನಿಷಾದದ (ತಗ್ಗಿನ ‘ನಿ’ಯ) ಹಳೆಯ ಧಾಟಿಗೆ, ಪಠ್ಯಪುಸ್ತಕದಲ್ಲಿ ಹೇಳಿದೆಯೆಂದು ಪಂಚಮದ ಮೇಲೆ ಕಾಕಲಿ ನಿಷಾದವುಳ್ಳ (ಏರಿದ ‘ನಿ’ಯ) ಕಾರ್ಡ್ ಇಟ್ಟರೆ ಎರಡು ನಿಷಾದಗಳೂ ಒಂದಕ್ಕೊಂದು ತಾಗುತ್ತವೆ. ಅದನ್ನು ತಪ್ಪಿಸಲು ಧಾಟಿಯನ್ನೇ ತಿದ್ದಿದರೆ ಹಾಡಿನ ಬಣ್ಣವೇ ಹೋಯಿತು. ಇದಕ್ಕೆ ‘ಸ್ವರಮೇಳ’ ಬೇಡ; ‘ಮೇಳ’ ಎಂದೊಡನೆ ಓದುಗರಿಗೆ ಕರ್ನಾಟಕ ಸಂಗೀತದ ಮೂಲರಾಗಗಳಾದ ಮೇಳಕರ್ತ ನೆನಪಾಗುತ್ತದೆ. ‘ಕಾರ್ಡ್ ಕೂಡಿಸುವುದು’ ಎಂದರೆ ವಾದಕರಿಗೂ ತಿಳಿಯುತ್ತದೆ.

ಮೂರನ್ನೂ ಸೇರಿಸಿ ಹೇಳುವಾಗ ‘ಅಳವಡಿಕೆ’ಯೇ ನನ್ನ ಆಯ್ಕೆ. ನಾಟಕದ ರೂಪಾಂತರಕ್ಕೂ ಆ ಪದ ಬಳಕೆಯಲ್ಲಿದೆ ಎಂಬ ಆಕ್ಷೇಪ ನಿಜ, ಆದರೆ ಚತುರ್ಥಿ ವಿಭಕ್ತಿ (‘-ಕ್ಕೆ’) ಹಚ್ಚಿದರೆ ಗೊಂದಲ ಉಳಿಯದು: ‘ಧಾಟಿ: ಜನಪದ; ವಾದ್ಯವೃಂದಕ್ಕೆ ಅಳವಡಿಕೆ: ಕಾಂತ್‌ಲೂಬ್’. ಕ್ಯಾಸೆಟ್ ಹೊದಿಕೆಗಳ ಮೇಲೆ ‘ಸಾಹಿತ್ಯ: ಜಾನಪದ’ ಎಂದು ಓದಿ ಬೆಳೆದವರಿಗೆ ಹೀಗೆ ಬರೆಯುವ ರೀತಿ ಹೊಸದಲ್ಲ.

ಇಂಥ ಹಾಡು ಹಾಡುವವಳನ್ನು ‘ಶಾಸ್ತ್ರೀಯ ಗಾಯಕಿ’ ಎಂದಷ್ಟೇ ಬರೆದರೆ ಕನ್ನಡದ ಕಿವಿ ಕರ್ನಾಟಕ ಸಂಗೀತಕ್ಕೋ ಹಿಂದೂಸ್ತಾನಿಗೋ ಹೋಗುತ್ತದೆ. ‘ಪಾಶ್ಚಾತ್ಯ ಶಾಸ್ತ್ರೀಯ’ ಎಂದು ಬಿಡಿಸಿ ಬರೆಯಲೇಬೇಕು.

ಇನ್ನು ‘ಫ್ರೆಂಚ್ ಜನಪದ ಗೀತೆ’. ಈ ಹಾಡುಗಳ ನುಡಿ ಫ್ರೆಂಚ್ ಅಲ್ಲ, ದಕ್ಷಿಣ ಫ್ರಾನ್ಸಿನ ಬೇರೆಯೇ ನುಡಿಯಾದ ಆಕ್ಸಿಟಾನ್‌ನ ಓವೆರ್ನ್ಯ ಬಗೆ. ತುಳು ಪಾಡ್ದನವನ್ನು ಕನ್ನಡ ಜನಪದ ಗೀತೆ ಅಂದರೆ ಎಷ್ಟು ತಪ್ಪೋ ಇದೂ ಅಷ್ಟೇ. ‘ಫ್ರಾನ್ಸಿನ ಜನಪದ ಗೀತೆ’ ಎನ್ನಿ. ‘ಬೈಲೇರೋ’ ಎಂಬುದು ಕುರುಬರ ಕೂಗಿನ ಸೊಲ್ಲು; ನಮ್ಮ ‘ತಂದಾನ’ದಂತೆ ಅದನ್ನೂ ಅನುವಾದಿಸದೆ ಹಾಗೆಯೇ ಬಿಡಿ.