ಪದಚರ್ಚೆ: ‘ಬೂಷ್ಟು ನಂಜು’ ಎನ್ನಬಹುದೇ?

ಪ್ರಶ್ನೆ: ಮಂಡ್ಯ ಕಡೆಯ ಹೈನುಗಾರರಿಗೆ ಒಂದು ಕೈಪಿಡಿ ತಯಾರಾಗುತ್ತಿದೆ. ‘ಮೋಲ್ಡ್ ಟಾಕ್ಸಿಸಿಟಿ’ಗೆ ಕರಡಿನಲ್ಲಿ ‘ಶಿಲೀಂಧ್ರ ವಿಷತ್ವ’ ಎಂದಿದೆ. ಓದುವವರಿಗೆ ಅದು ತಲೆಗೆ ಹತ್ತುವುದಿಲ್ಲ. ‘ಬೂಷ್ಟು ನಂಜು’ ಆದೀತೇ? ಗೋಡೆಯ ಬೂಷ್ಟಿಗೂ ಅದೇ ಪದ ಸಾಕೇ? ಬಲ್ಲವರು ತಿಳಿಸಿ.

ಉತ್ತರ: ಬೂಷ್ಟು ಇರಲಿ, ನಂಜು ಬೇಡ ಸರ್. ಮೈಸೂರು ಸೀಮೆಯಲ್ಲಿ ಗಾಯ ಕೀವಾದರೂ ನಂಜು, ಬದನೆಕಾಯಿ ತಿಂದು ಮೈ ಕೆರೆದರೂ ನಂಜು. ನಿಮಗೆ ಬೇಕಾದ್ದು ಬೂಷ್ಟು ಬೆಳೆಯುತ್ತಾ ಕಾಳಿನೊಳಕ್ಕೆ ಬಿಡುವ ರಾಸಾಯನಿಕದ ಹೆಸರು. ‘ಬೂಷ್ಟಿನ ವಿಷ’ ಎಂದರೆ ಮುಗಿಯಿತು.

ಹೈನುಗಾರರಿಗೆ ಹೇಳಲೇಬೇಕಾದ್ದು ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ. ಕಡಲೆಕಾಯಿ, ಮುಸುಕಿನ ಜೋಳಗಳ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿಯಂತೆ ಕೂರುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಇದನ್ನು ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಾಗ ಇದರ ಜಾಡು ಸಿಕ್ಕಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ಉಂಡವರಿಗೆ ಕಾಮಾಲೆ ಬಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಸ್ವಲ್ಪಸ್ವಲ್ಪವೇ ವರ್ಷಗಟ್ಟಲೆ ಒಳಹೋದರೆ ಪಿತ್ತಜನಕಾಂಗದ ಕ್ಯಾನ್ಸರಿಗೆ ದಾರಿ.

ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ‘ತೊಳೆದು, ಬೇಯಿಸಿ ಹಾಕಿ’ ಎಂಬ ಸಲಹೆ ಕರಡಿನಲ್ಲಿದ್ದರೆ ಹೊಡೆದುಹಾಕಿ. ಕೆಟ್ಟ ಹಿಂಡಿಯನ್ನು ಮನುಷ್ಯರಿಗಾಗದು, ದನಕ್ಕಾದರೂ ಆಗಲಿ ಎಂದು ಹಾಕುವುದೇ ದೊಡ್ಡ ತಪ್ಪು: ಹಸು ತಿಂದದ್ದು ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿಗೆ ನಮ್ಮ ದೇಶದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಕಡಲೆಕಾಯಿಯನ್ನು ತೇವಾಂಶ ಶೇ 8ಕ್ಕಿಂತ, ಮುಸುಕಿನ ಜೋಳವನ್ನು ಶೇ 13ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ, ಮೂಟೆಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಪೇರಿಸಬೇಕು.

ಗೋಡೆಯದು ಬೇರೆ ಮಾತು. ಅಲ್ಲಿ ಹಾರುವ ಕಣಗಳಿಂದ ಸೀನು, ಕೆಮ್ಮು, ಉಬ್ಬಸ ಬರುತ್ತವೆ. ಅದನ್ನು ‘ಬೂಷ್ಟಿನ ಅಲರ್ಜಿ’ ಎನ್ನಿ. ಮನೆಯ ಗಾಳಿಯಿಂದಲೇ ವಿಷವೇರಿ ಮರೆವು, ಸುಸ್ತು ಬರುತ್ತದೆ ಎಂಬುದಕ್ಕೆ ಪುರಾವೆ ತೆಳು. 2021ರಲ್ಲಿ ‘ಕಪ್ಪು ಶಿಲೀಂಧ್ರ’ ಎಂದು ಪತ್ರಿಕೆಗಳು ಬರೆದದ್ದು ಮೂರನೆಯದು, ಸೋಂಕು. ಅಲ್ಲಿ ಕಪ್ಪಾಗುವುದು ಸತ್ತ ಅಂಗಾಂಶ, ಬೂಷ್ಟಲ್ಲ. ಆ ಹೆಸರು ಕೈಪಿಡಿಗೆ ಬೇಡವೇ ಬೇಡ.

‘ಮುಗ್ಗಲು’ ಪದವನ್ನು ವಾಸನೆಗಷ್ಟೇ ಇಟ್ಟುಕೊಳ್ಳಿ. ಮುಗ್ಗಲು ವಾಸನೆಯಿಲ್ಲದ, ಕಣ್ಣಿಗೆ ಚೊಕ್ಕಟವಾಗಿ ಕಾಣುವ ಕಾಳಿನಲ್ಲೂ ವಿಷವಿರಬಹುದು. ಅದು ಗೊತ್ತಾಗುವುದು ಪರೀಕ್ಷೆ ಮಾಡಿಸಿದರೆ ಮಾತ್ರ.