ಯೇಸು ಸ್ವಾಮಿಯೂ ಅತ್ತರಲ್ಲ ಮಗಳೇ

ಮಗಳೇ, ರಾತ್ರಿ ಹನ್ನೆರಡೂವರೆಗೆ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಬೆಳಗ್ಗೆ ಎದ್ದು ನೋಡಿದೆ. ಟೈಪ್ ಮಾಡುತ್ತಾ ಹೋದರೆ ಹೇಳಬೇಕಾದದ್ದು ಅರ್ಧಕ್ಕೇ ನಿಂತುಬಿಡುತ್ತದೆ, ಅದಕ್ಕೇ ಮಾತಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಒಂದೇ ಸಲಕ್ಕೆ ಕೇಳಬೇಕು ಅಂತೇನಿಲ್ಲ, ಆದಾಗ ಕೇಳು.

ನೀನು ಬರೆದದ್ದು ಇಷ್ಟು. ತಮ್ಮ ಹೋಗಿ ಆರು ವಾರ ಆಯಿತು. ಅಷ್ಟು ಪ್ರಾರ್ಥಿಸಿದೆವು, ದೇವರು ಎಲ್ಲಿದ್ದರು, ಯಾಕೆ ಹೀಗಾಯಿತು? ಎಲ್ಲರೂ ವಚನ ಕಳಿಸುತ್ತಾರೆ, ಎಲ್ಲಾ ಒಳ್ಳೆಯದಕ್ಕೇ ಅನ್ನುತ್ತಾರೆ. ನನಗೆ ಪ್ರಾರ್ಥನೆಗೆ ಕೂತರೆ ಬಾಯಿಗೆ ಮಾತೇ ಬರುವುದಿಲ್ಲ. ನನ್ನ ವಿಶ್ವಾಸ ಸತ್ತುಹೋಯಿತಾ ದೊಡ್ಡಮ್ಮಾ?

ಇಲ್ಲ ಕಣಮ್ಮ. ಸತ್ತಿಲ್ಲ. ಸತ್ತಿದ್ದರೆ ನೀನು ಆ ಹೊತ್ತಿನಲ್ಲಿ ಎದ್ದು ಕೂತು ಇದನ್ನು ಕೇಳುತ್ತಲೇ ಇರಲಿಲ್ಲ.

ನಿನ್ನ ದೊಡ್ಡಪ್ಪ ಹೋದಾಗ ನನಗೂ ಹೀಗೇ ಆಗಿತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ಅವರ ಮಾತ್ರೆಗೆ ಅಂತ ನನ್ನ ಫೋನಿನಲ್ಲಿ ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟಿದ್ದೆ. ಅವರು ಹೋದ ಮಾರನೇ ದಿನವೂ ಅದು ಹೊಡೆಯಿತು. ಅಡುಗೆಮನೆಯಲ್ಲಿದ್ದೆ, ಕೈ ಒರೆಸಿಕೊಂಡು ಲೋಟಕ್ಕೆ ನೀರು ಬಗ್ಗಿಸಿ ಅವರ ಕೋಣೆಯ ಬಾಗಿಲ ತನಕ ಹೋಗಿಬಿಟ್ಟಿದ್ದೆ. ಹಾಸಿಗೆ ಖಾಲಿ. ಆ ಲೋಟ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆಮೇಲೆ ಆ ನೀರನ್ನು ನಾನೇ ಕುಡಿದೆ. ಅಲಾರಂ ತೆಗೆಯಲು ಮಾತ್ರ ಕೈ ಬರಲಿಲ್ಲ.

ಆ ದಿನಗಳಲ್ಲಿ ಬೈಬಲ್ ತೆರೆದರೆ ಅಕ್ಷರ ಕಾಣುತ್ತಿತ್ತು, ಒಳಗೆ ಏನೂ ಇಳಿಯುತ್ತಿರಲಿಲ್ಲ. ಒಬ್ಬರು ಮನೆಗೆ ಬಂದು, ಇನ್ನೂ ಸ್ವಲ್ಪ ಗಟ್ಟಿಯಾಗಿ ನಂಬಿದ್ದರೆ ಅವರು ಉಳಿಯುತ್ತಿದ್ದರು ಅಂದರು. ಅವರು ಕೆಟ್ಟವರಲ್ಲ, ಏನು ಹೇಳಬೇಕೋ ತಿಳಿಯದೆ ಹೇಳಿದರು ಅಂತ ಈಗ ಅನಿಸುತ್ತದೆ. ಆದರೆ ಆ ಮಾತು ಎಷ್ಟೋ ತಿಂಗಳು ನನ್ನನ್ನು ಚುಚ್ಚಿತು. ಸಾವಿನ ನೋವೇ ಸಾಲದು ಅಂತ ಅದರ ಮೇಲೆ ತಪ್ಪಿನ ಹೊರೆ ಬೇರೆ. ಹಾಗೆ ಯಾರಾದರೂ ನಿನಗೆ ಹೇಳಿದ್ದರೆ ಅದನ್ನು ಎತ್ತಿ ಆಚೆ ಇಡು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿಯೇ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ ಅಂತ ಬೇಡಿದರು, ಅದು ದೂರವಾಗಲಿಲ್ಲ. ಅಪೊಸ್ತಲ ಪೌಲನು ತನ್ನ ಶರೀರದ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ಹೋಗಲಿ ಅಂತ ಮೂರು ಸಲ ಬೇಡಿದ, ಅದೂ ಹೋಗಲಿಲ್ಲ. ಇವರಿಗೆಲ್ಲ ನಂಬಿಕೆ ಕಡಿಮೆ ಇತ್ತು ಅನ್ನೋಣವಾ?

ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಯೋಹಾನನ ಸುವಾರ್ತೆಯ 11ನೇ ಅಧ್ಯಾಯ. ಅದೂ ಅಕ್ಕತಂಗಿಯರು ತಮ್ಮ ಒಡಹುಟ್ಟಿದವನನ್ನು ಕಳೆದುಕೊಂಡ ಮನೆಯೇ, ಅಲ್ವಾ? ಬೇಥಾನ್ಯದಲ್ಲಿ ಲಾಜರನಿಗೆ ಕಾಯಿಲೆ ಅಂತ ಮಾರ್ಥ, ಮರಿಯ ಇಬ್ಬರೂ ಹೇಳಿ ಕಳಿಸುತ್ತಾರೆ. ಸುದ್ದಿ ಮುಟ್ಟಿದ ಮೇಲೂ ಯೇಸು ಸ್ವಾಮಿ ಇದ್ದಲ್ಲೇ ಇನ್ನೂ ಎರಡು ದಿನ ಉಳಿಯುತ್ತಾರೆ. ಅವರು ಬರುವ ಹೊತ್ತಿಗೆ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ ಆಗಿರುತ್ತದೆ. ಮಾರ್ಥ ಊರಾಚೆಗೇ ಓಡಿ ಹೋಗಿ ಕೇಳುತ್ತಾಳೆ, ನೀವು ಇಲ್ಲೇ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಆಮೇಲೆ ಮರಿಯ ಬಂದು ಕಾಲಿಗೆ ಬೀಳುತ್ತಾಳೆ. ಅವಳೂ ಹೇಳುವುದು ಅದನ್ನೇ.

ನೀನು ರಾತ್ರಿ ಬರೆದದ್ದೂ ಅದೇ ಮಾತಲ್ಲವಾ ಮಗಳೇ? ಅಷ್ಟು ಪ್ರಾರ್ಥಿಸಿದೆವು, ದೇವರು ಎಲ್ಲಿದ್ದರು ಅಂತ. ಇಬ್ಬರು ಹೆಂಗಸರು ಅದನ್ನು ಅವರ ಮುಖಕ್ಕೇ ಹೇಳಿದರು. ಅವರು ಒಬ್ಬರನ್ನೂ ಗದರಲಿಲ್ಲ.

ಇನ್ನೊಂದು ವಿಷಯ ನೋಡು, ಇದು ನನಗೆ ಎಷ್ಟೋ ಸಲ ಓದಿದ ಮೇಲೆ ಕಣ್ಣಿಗೆ ಬಿದ್ದದ್ದು. ಅಕ್ಕತಂಗಿಯರದು ಒಂದೇ ಮಾತು, ಸಿಕ್ಕ ಉತ್ತರ ಬೇರೆ ಬೇರೆ. ಮಾರ್ಥಳ ಜೊತೆ ಅವರು ಮಾತಾಡಿದರು, ಪುನರುತ್ಥಾನವೂ ಜೀವವೂ ನಾನೇ ಅಂದರು. ಅವಳಿಗೆ ಆಗ ಮಾತು ಬೇಕಿತ್ತೇನೋ. ಮರಿಯಳಿಗೆ ಯಾವ ಉಪದೇಶವನ್ನೂ ಕೊಡಲಿಲ್ಲ. ಅವಳು ಅಳುವುದನ್ನು ನೋಡಿ ಒಳಗೇ ನೊಂದುಕೊಂಡರು, ಅವನನ್ನು ಎಲ್ಲಿಟ್ಟಿದ್ದೀರಿ ಅಂತ ಕೇಳಿದರು, ಕಣ್ಣೀರು ಹಾಕಿದರು. ಈಗ ನೀನು ಮರಿಯಳ ಜಾಗದಲ್ಲಿದ್ದೀಯ. ನಾವೆಲ್ಲ ನಿನಗೆ ಮಾರ್ಥಳ ಉತ್ತರ ಕಳಿಸುತ್ತಿದ್ದೇವೆ.

ಅವರು ಅತ್ತದ್ದು ಯಾವಾಗ ಅಂತ ಯೋಚನೆ ಮಾಡಿದ್ದೀಯಾ? ಇನ್ನು ಸ್ವಲ್ಪ ಹೊತ್ತಿಗೆ ತಾವು ಕರೆದಾಗ ಲಾಜರ ಸಮಾಧಿಯಿಂದ ಎದ್ದು ಬರುತ್ತಾನೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತರು. ಸುಮ್ನೆ ಕಣ್ಣೊರೆಸಿಕೊಳ್ಳಿ, ಈಗ ನೋಡುತ್ತಿರಿ ಅಂತ ಅನ್ನಲಿಲ್ಲ. ನಾನು ಈ ಜಾಗಕ್ಕೆ ಬಂದಾಗೆಲ್ಲ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತೇನೆ. ನಿರೀಕ್ಷೆ ಇದ್ದವರು ಅಳಬಾರದು ಅಂತ ನಮಗೆ ಯಾರು ಹೇಳಿಕೊಟ್ಟರೋ! ಪೌಲನು ಥೆಸಲೋನಿಕದವರಿಗೆ ಬರೆದಾಗಲೂ ದುಃಖಪಡಬೇಡಿ ಅಂತ ಅಷ್ಟಕ್ಕೇ ನಿಲ್ಲಿಸಲಿಲ್ಲ. ನಿರೀಕ್ಷೆಯೇ ಇಲ್ಲದವರ ಹಾಗೆ ದುಃಖಪಡಬೇಡಿ ಅಂದ. ಅಂದರೆ ದುಃಖ ಇರುತ್ತದೆ, ಜೊತೆಗೆ ನಿರೀಕ್ಷೆಯೂ ಇರುತ್ತದೆ.

ಈಗ ಗ್ರೂಪಿನಲ್ಲಿರುವ ಉಳಿದವರಿಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವೆಲ್ಲ ಪ್ರೀತಿಯಿಂದಲೇ ಕಳಿಸುತ್ತೀರಿ, ನನಗೆ ಗೊತ್ತು. ಆದರೆ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕಾಗಿ ಆಗುತ್ತದೆ ಅನ್ನುವ 28ನೇ ವಚನ ಒಂದನ್ನೇ ಕತ್ತರಿಸಿ, ಹೂವಿನ ಚಿತ್ರದ ಮೇಲೆ ಹಾಕಿ ಕಳಿಸಬೇಡಿ. ಅದಕ್ಕೂ ಸ್ವಲ್ಪ ಮುಂಚೆ ಅದೇ ಅಧ್ಯಾಯದಲ್ಲಿ ಇಡೀ ಸೃಷ್ಟಿಯೇ ಹೆರಿಗೆ ನೋವಿನ ಹಾಗೆ ನರಳುತ್ತಿದೆ ಅಂತಿದೆ. ನಾವೂ ಒಳಗೇ ನರಳುತ್ತೇವೆ ಅಂತಿದೆ. ಏನು ಬೇಡಬೇಕೋ ನಮಗೆ ತಿಳಿಯದೆ ಇದ್ದಾಗ ಪವಿತ್ರಾತ್ಮರೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾರೆ ಅಂತಿದೆ. ಇಷ್ಟನ್ನು ದಾಟಿ ಬಂದ ಮೇಲೆ 28ನೇ ವಚನ. ಅಲ್ಲೂ ನಡೆದದ್ದೆಲ್ಲ ಒಳ್ಳೆಯದು ಅಂತ ಹೇಳಿಲ್ಲ. ಕೆಟ್ಟದ್ದು ಕೆಟ್ಟದ್ದೇ. ಇಪ್ಪತ್ತಾರು ವರ್ಷದ ಹುಡುಗ ಹನ್ನೊಂದು ತಿಂಗಳು ನರಳಿ ಹೋದದ್ದು ಒಳ್ಳೆಯದು ಅಂತ ನನ್ನ ಬಾಯಿಂದ ಬರುವುದಿಲ್ಲ. ಆ ಕೆಟ್ಟದ್ದರ ಕೈಗೂ ನಮ್ಮನ್ನು ಬಿಟ್ಟುಕೊಡದೆ ದೇವರು ಒಳಗೇ ಕೆಲಸ ಮಾಡುತ್ತಾರೆ ಅಂತ ನಂಬುತ್ತೇನೆ. ಇವೆರಡೂ ಬೇರೆ ಬೇರೆ ಮಾತು.

ಬೈಬಲಿನಲ್ಲಿ ಯೋಬ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ಕೂತಾಗ ಅವನ ಗೆಳೆಯರು ಮೂವರು ಬಂದರಲ್ಲ, ಅವರು ಮಾಡಿದ ಒಂದೇ ಒಳ್ಳೆ ಕೆಲಸ ಮೊದಲ ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತದ್ದು. ಬಾಯಿ ಬಿಟ್ಟ ಮೇಲೆಯೇ ಎಲ್ಲಾ ಕೆಟ್ಟಿತು. ನೀನೇನೋ ತಪ್ಪು ಮಾಡಿರಬೇಕು ಅಂತ ಶುರು ಮಾಡಿದರು. ಯೋಬ ಹುಟ್ಟಿದ ದಿನವನ್ನೇ ಶಪಿಸಿದ, ದೇವರ ಮೇಲೇ ದೂರು ಹೇಳಿದ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟು ಮಾಡಿಕೊಳ್ಳುವುದು ಯಾರ ಮೇಲೆ? ಆ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬನ ಹಾಗೆ ನೀವು ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾರೆ. 42 ಅಧ್ಯಾಯ ಮುಗಿದರೂ ಅವನಿಗೆ ಯಾಕೆ ಹಾಗಾಯಿತು ಅನ್ನುವ ಕಾರಣವನ್ನು ಮಾತ್ರ ದೇವರು ಅವನಿಗೆ ಹೇಳುವುದಿಲ್ಲ. ದೇವರು ಬಂದರು, ಅವನ ಜೊತೆ ಮಾತಾಡಿದರು, ಅಷ್ಟೇ.

ಮಗಳೇ, ಯಾಕೆ ಅಂತ ಕೇಳಿದ್ದೀಯಲ್ಲ. ನನ್ನ ಹತ್ತಿರ ಉತ್ತರ ಇಲ್ಲ. ಇದೆ ಅನ್ನುವವರನ್ನು ಕಂಡರೆ ನನಗೆ ಭಯ. ನನ್ನ ಹತ್ತಿರ ಇರುವುದು ಬೇರೆ. ಸತ್ತು ಎದ್ದು ಬಂದ ಯೇಸು ಸ್ವಾಮಿ, ನೋಡದೆ ನಂಬುವುದಿಲ್ಲ ಅಂದ ಶಿಷ್ಯ ತೋಮನಿಗೆ ಏನು ತೋರಿಸಿದರು ಹೇಳು? ಕೈಯ ಗಾಯ, ಪಕ್ಕೆಯ ಗಾಯ. ಸಾವನ್ನೇ ಗೆದ್ದವರಿಗೆ ಆ ಗಾಯವನ್ನು ಅಳಿಸಿಕೊಳ್ಳುವುದು ದೊಡ್ಡದಾಗಿತ್ತಾ? ಅಳಿಸಲಿಲ್ಲ. ಹಾಗಾಗಿ ನಿನ್ನ ತಮ್ಮ ಪಟ್ಟ ಕಷ್ಟವೂ ಎಲ್ಲೋ ಗಾಳಿಗೆ ಹೋಗಿಲ್ಲ ಅಂತ ನನಗೆ ಅನಿಸುತ್ತದೆ. ಅವನನ್ನು ಮತ್ತೆ ನೋಡುತ್ತೇವೆ. ಇದನ್ನು ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ, ನಾನೂ ಇದರ ಮೇಲೇ ಬದುಕಿದ್ದೇನೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 21ನೇ ಅಧ್ಯಾಯದಲ್ಲಿ ದೇವರು ಅವರ ಕಣ್ಣೀರನ್ನೆಲ್ಲ ಒರೆಸುವರು ಅಂತಿದೆಯಲ್ಲ, ಒರೆಸಬೇಕಾದರೆ ಅಲ್ಲಿಯ ತನಕ ಕಣ್ಣೀರು ಇದ್ದೇ ಇರುತ್ತದೆ ಅಂತ ತಾನೇ?

ಪ್ರಾರ್ಥನೆ ಬರದಿದ್ದರೆ ಬಿಡು, ಬಲವಂತ ಮಾಡಬೇಡ. 88ನೇ ಕೀರ್ತನೆ ತೆಗೆದಿಟ್ಟುಕೋ. ಅಳುತ್ತಾ ಶುರುವಾಗುವ ಹೆಚ್ಚಿನ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ. ಅದರ ಮೊದಲ ಮಾತು ನೋಡು, ಕತ್ತಲೆಯಲ್ಲಿ ಕೂತವನು ಕೂಗುವುದು ದೇವರನ್ನೇ. ಅದನ್ನೂ ಓದಲು ಆಗದಿದ್ದರೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಮಲಗು. ಈ ಸಮಯದಲ್ಲಿ ನಿನ್ನ ಪಾಲಿನ ಪ್ರಾರ್ಥನೆ ನಾವು ಮಾಡುತ್ತೇವೆ, ವಿಶ್ವಾಸಿಗಳ ಸಭೆ ಇರುವುದೇ ಅದಕ್ಕೆ. ಸುವಾರ್ತೆಯಲ್ಲಿ ಆ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತುಕೊಂಡು ಬಂದು ಮಾಳಿಗೆ ಬಿಚ್ಚಿ ಇಳಿಸಿದರಲ್ಲ, ಯೇಸು ಸ್ವಾಮಿ ನೋಡಿದ್ದು ಅವರ ನಂಬಿಕೆಯನ್ನು. ಗುಣವಾಗುವ ಮುಂಚೆ ಮಲಗಿದ್ದವನು ಒಂದು ಮಾತು ಆಡಿದ ಅಂತ ಎಲ್ಲೂ ಬರೆದಿಲ್ಲ.

ಅಮ್ಮನನ್ನು ಸ್ವಲ್ಪ ನೋಡಿಕೋ. ಅವಳು ಗ್ರೂಪಿನಲ್ಲಿ ಏನೂ ಹೇಳುವುದಿಲ್ಲ, ಆದರೆ ಎಲ್ಲವನ್ನೂ ಓದುತ್ತಾಳೆ. ಅವಳ ಮುಂದೆ ಗಟ್ಟಿಯಾಗಿರಬೇಕು ಅಂತ ಅಳು ನುಂಗಬೇಡ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಅಳುವುದಕ್ಕಿಂತ ಒಟ್ಟಿಗೆ ಅಳುವುದು ವಾಸಿ.

ಆ ಅಲಾರಂ ಇನ್ನೂ ಇದೆ ನನ್ನ ಫೋನಿನಲ್ಲಿ. ಈಗ ಅದು ಹೊಡೆದಾಗ ಕೆಲಸ ಬಿಟ್ಟು ಕೂತು, ನೋವಿನಲ್ಲಿರುವವರ ಹೆಸರು ಒಬ್ಬೊಬ್ಬರದಾಗಿ ಹೇಳುತ್ತೇನೆ. ಆರು ವಾರದಿಂದ ಮೊದಲ ಹೆಸರು ನಿನ್ನದೇ.

ನಾಳೆ ಸಂಜೆ ನಾನು ಬರುತ್ತಿದ್ದೇನೆ. ಬೈಬಲ್ ಹಿಡಿದುಕೊಂಡು ಬರುವುದಿಲ್ಲ. ಮಾತಾಡಬೇಕು ಅಂತಲೂ ಇಲ್ಲ. ನೀನು ಬಾಗಿಲು ತೆಗೆ, ಸಾಕು.